ಅತ್ತೆಯ ದನಿಗೆ ಪರವಾನಗಿ

ನನ್ನ ಅತ್ತೆ ಸೋನಾಬಾಯಿ ತಾನೇ ಹಾಡಿದ ಹಾಡನ್ನು ಮತ್ತೆ ಹಾಡಲಿಕ್ಕೆ ಬೇರೆಯವರ ಪರವಾನಗಿ ತರಬೇಕಾಗಿ ಬಂತು. ಅದಕ್ಕಾಗಿ ಒಂದು ವಾರ ಚಪ್ಪಲಿ ಸವೆಸಿದವಳು ನಾನು. ಆದ್ದರಿಂದ ಹೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಮೊದಲು ಆಕೆಯ ವಿಷಯ ಹೇಳಿಬಿಡುತ್ತೇನೆ. ವಯಸ್ಸು ಅರವತ್ತಾರು, ಆಧಾರ್ ಕಾರ್ಡಿನಲ್ಲಿ ಎಪ್ಪತ್ತೊಂದು. ಯಾವುದು ಖರೆ ಎಂದು ಕೇಳಿದರೆ “ಎರಡೂ ಇರ್ಲಿ ಬಿಡು, ಯಾವುದರ ಒಂದು ಕೆಲಸಕ್ಕ ಬರ್ತೈತಿ” ಎನ್ನುತ್ತಾಳೆ. ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ ಮಂದಿಯ ಹೊಲಗಳಲ್ಲಿ ಕಸ ತೆಗೆದು, ಜೋಳ ಕೊಯ್ದು, ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಓದಿಸಿದಳು. ಆ ಮಗ ರಾಜರತ್ನ ನನ್ನ ಗಂಡ. ವಿಜಯಪುರದಲ್ಲಿ ಕ್ಲಾರ್ಕ್ ಆಗಿದ್ದಾನೆ. ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅತ್ತೆ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಾ ಕೂಡುತ್ತಾಳೆ. ಕೈ ಹೊಲಿಯುತ್ತಿದ್ದರೆ ಬಾಯಿ ತಾನಾಗಿ ಹಾಡಲು ಶುರು ಮಾಡುತ್ತದೆ.

ಆ ಹಾಡುಗಳನ್ನು ಫೋನಿನಲ್ಲಿ ಹಿಡಿದು ಒಂದು ಚಾನೆಲ್ ಮಾಡಿದವಳು ನಾನೇ. ಕೆಲಸ ಸುಲಭವಾಗಿರಲಿಲ್ಲ. ಹಾಡಿನ ನಡುವೆ ರೈಲು ಬಂದರೆ ಆಕೆ ನಿಲ್ಲಿಸುವುದಿಲ್ಲ. ರೈಲು ಕೂಗಿದರೆ ತಾನೂ ಏರಿಸಿ ಹಾಡುತ್ತಾಳೆ. ನಾನು “ಅತ್ತಿ, ಮತ್ತೊಮ್ಮೆ ಹಾಡ್ರಿ” ಎಂದರೆ, “ಬಾಯಿ ಮುಚ್ಚಂತ ಆ ರೈಲಿಗಿ ಹೇಳು, ನನಗ್ಯಾಕ ಹೇಳ್ತಿ” ಎಂದು ಜಗಳಕ್ಕೆ ಬರುತ್ತಾಳೆ. ಇನ್ನೊಂದು ಚಾಳಿ ಇದೆ. ಯಾವ ಹಾಡನ್ನೂ ಆಕೆ ಸುಮ್ಮನೆ ಶುರು ಮಾಡುವುದಿಲ್ಲ. ಮೊದಲು ಅದು ಯಾರಿಂದ ಬಂದದ್ದು ಎಂದು ಹೇಳಬೇಕು. “ಇದು ನಮ್ಮ ದೊಡ್ಡವ್ವಂದು.” “ಇದು ನೀಲವ್ವಂದು.” ಜೈನಾಪುರದ ಹೆಂಗಸರೆಲ್ಲರ ರೀತಿ ಅದೇ ಅಂತೆ. ಯಾರ ಬಾಯಿಂದ ಕಲಿತೆವೋ ಪದ ಅವರದು. ಹಾಗಾದರೆ ನಿಮ್ಮದು ಯಾವುದು ಎಂದು ನಾನು ಒಮ್ಮೆ ಕೇಳಿದ್ದೆ. “ನಂದ್ಯಾವೂ ಇಲ್ಲವಾ, ಎಲ್ಲಾ ಇಸಗೊಂಡಾವ” ಎಂದಿದ್ದಳು.

ಚಾನೆಲ್‌ಗೆ ‘ಸೋನಾಬಾಯಿಯ ಪದಗಳು’ ಎಂದು ಹೆಸರಿಟ್ಟಾಗ ಆಕೆ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದಳು. ಹೆಂಗಸಿನ ಹೆಸರು ಹೀಗೆ ಬಜಾರಿನಲ್ಲಿ ಯಾಕೆ ಎಂದು. ಮೂರು ವರ್ಷದಲ್ಲಿ ಅರವತ್ತಮೂರು ಹಾಡು ಸೇರಿದವು. ಇಂಡಿಯಿಂದ, ಜತ್ತದಿಂದ, ಎಲ್ಲಿಂದಲೋ ಹೆಂಗಸರು ಬರೆಯತೊಡಗಿದರು: ನಮ್ಮವ್ವ ಇದನ್ನೇ ಹಾಡುತ್ತಿದ್ದಳು, ನಮ್ಮ ಮನೆಯ ಮದುವೆಯಲ್ಲಿ ನಿಮ್ಮ ಪದ ಹಾಡಿದೆವು ಎಂದು. ಅತ್ತೆಗೆ ಓದಲು ಬಾರದು. ನಾನು ಸಾಲಿಯಿಂದ ಬಂದು ಬ್ಯಾಗು ಇಡುವುದರೊಳಗೆ “ಏನರ ಬರದಾರೇನ್ ಬೇ?” ಎಂದು ಕೇಳುತ್ತಾಳೆ. ಒಂದೊಂದನ್ನೂ ಎರಡೆರಡು ಸಲ ಓದಿಸುತ್ತಾಳೆ. ಹೆಸರು ಬೇಡ ಎಂದಿದ್ದವಳೇ ಈಗ ಕೌದಿ ಕೊಳ್ಳಲು ಬಂದವರಿಗೆ, “ಫೋನಿನಾಗ ಸೋನಾಬಾಯಿ ಅಂತ ಒತ್ತ್ರಿ, ನಾ ಬರ್ತೀನಿ” ಎಂದು ಹೇಳಿ ಕಳಿಸುತ್ತಾಳೆ.

ಹೀಗಿರುವಾಗ ಒಂದು ಸೋಮವಾರ ಫೋನಿಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬಂದವು. ನಮ್ಮ ಚಾನೆಲ್‌ನ ಮೂರು ಹಾಡುಗಳು ಬೇರೆ ಕಂಪನಿಯ ಸ್ವತ್ತು, ಪರವಾನಗಿ ಇಲ್ಲದೆ ಹಾಕಿದ್ದೀರಿ, ಹಕ್ಕುದಾರರು ಏಳು ದಿನದೊಳಗೆ ತಕರಾರು ವಾಪಸು ತೆಗೆದುಕೊಳ್ಳದಿದ್ದರೆ ಇಡೀ ಚಾನೆಲ್ ಅಳಿಸಿಹೋಗುತ್ತದೆ ಎಂದು. ಮೂರಲ್ಲ, ಅರವತ್ತಮೂರೂ. ಇನ್ನೊಂದು ಚಾನೆಲ್ ತೆರೆಯುವ ಹಾಗೂ ಇಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ರಾಜರತ್ನ ಎಲ್ಲ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, “ಹೋಗ್ಲಿ ಬಿಡು, ನಮ್ಮ ಹಂತ್ಯಾಕ ಅದಾವಲ್ಲ” ಎಂದ. ಗಂಡಸರ ಬುದ್ಧಿಯೇ ಇಷ್ಟು. ಕಂಪ್ಯೂಟರಿನೊಳಗೆ ಇಟ್ಟರೆ ಜತ್ತದ ಹೆಂಗಸು ಬಂದು ಕೇಳುತ್ತಾಳೆಯೇ? ಸಂಜೆಗೆ ಅತ್ತೆ ಏನು ಬರೆದಿದ್ದಾರೆ ಎಂದು ಕೇಳಿದರೆ ನಾನು ಯಾರದನ್ನು ಓದಲಿ?

ಪತ್ರದಲ್ಲಿ ಹಾಡಿನ ವಿವರ ಇತ್ತು. ಕ್ಯಾಸೆಟ್ಟಿನ ಹೆಸರು ‘ಹೊಲದ ಪದಗಳು’. ಒಡೆಯರು ಚಂದ್ರಕಾಂತ, ಬಬಲೇಶ್ವರ. ಗಾಯಕಿ ನೀಲಾಬಾಯಿ, ಜೈನಾಪುರ. ಪತ್ರ ಕಳಿಸಿದ್ದು ಚಂದ್ರಕಾಂತ ಅಲ್ಲ, ಆತ ತನ್ನ ಹಳೆಯ ಕ್ಯಾಸೆಟ್ಟುಗಳನ್ನು ಒಪ್ಪಿಸಿದ್ದ ದೂರದ ಊರಿನ ಒಂದು ಕಂಪನಿ. ಅವರ ಯಂತ್ರ ಎರಡನ್ನೂ ಹೋಲಿಸಿ ನೋಡಿ, ಇದೂ ಅದೂ ಒಂದೇ ಎಂದು ತೀರ್ಮಾನ ಮಾಡಿತ್ತಂತೆ.

ನಾನು ಫೋನು ಹಿಡಿದುಕೊಂಡು ಪಡಸಾಲೆಗೆ ಹೋದೆ.

“ಅತ್ತಿ, ಈ ನೀಲಾಬಾಯಿ ಯಾರ್ರಿ?”

ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು. “ನಮ್ಮ ನೀಲವ್ವ. ಹೊಲದಾಕಿ. ಯಾಕ?”

“ಆಕಿ ಹಾಡಿದ್ದನ್ನ ನೀವು ಕದ್ದು ಹಾಡೀರಂತ ಕಾಗದ ಬಂದೈತ್ರಿ.”

“ಕದಿಯಾಕ ಅದೇನ್ ಜ್ವಾಳದ ಚೀಲೇನು? ಆಕೀನ ಕಲಿಸ್ಯಾಳ ನನಗ. ಕೇಳ್ಹೋಗು ಬೇಕಾದ್ರ.” ದಾರ ಎಳೆದುಕೊಂಡು, “ಎಲ್ಲಿ ಕೇಳ್ತಿ, ಸತ್ತು ಮೂವತ್ತು ವರ್ಷ ಆತು” ಎಂದಳು.

“ಹಂಗಾದ್ರ ಈ ಕ್ಯಾಸೆಟ್ಟಿನಾಗ ಹಾಡಿದಾಕಿ ಯಾರು?”

“ನಾನ ಅದೀನಿ.”

ನನ್ನ ತಲೆ ಅಲ್ಲಿಂದ ಕೆಟ್ಟಿದ್ದು ಇನ್ನೂ ಪೂರ್ತಿ ಸರಿಯಾಗಿಲ್ಲ.

ನಡೆದದ್ದು ಇಷ್ಟು. ನೀಲಾಬಾಯಿಗೆ ಜೈನಾಪುರದಲ್ಲಿ ನಾಲ್ಕು ಎಕರೆ ಹೊಲ. ಒಡತಿಯಾದರೂ ಬದುವಿನ ಮೇಲೆ ಕೂತು ಕೆಲಸ ಮಾಡಿಸುವವಳಲ್ಲ. ಕೂಲಿಗೆ ಬಂದ ನಮ್ಮ ಅತ್ತೆಯ ಪಕ್ಕದ ಸಾಲು ಹಿಡಿದು ತಾನೂ ಕಸ ತೆಗೆಯುತ್ತಿದ್ದಳು, ತೆಗೆಯುತ್ತಾ ಹಾಡುತ್ತಿದ್ದಳು, ಹಾಡುತ್ತಾ ಕಲಿಸುತ್ತಿದ್ದಳು. ಆಕೆಯ ದನಿ ಬಿರುಸು, ಎಮ್ಮೆ ಒದರಿದ ಹಾಗಿತ್ತು ಎಂದು ಅತ್ತೆಯೇ ಹೇಳುತ್ತಾಳೆ. ಆದರೆ ಪದಗಳು ಆಕೆಯ ಬಳಿ ಲೆಕ್ಕವಿಲ್ಲದಷ್ಟು ಇದ್ದವಂತೆ. ಒಂದು ಸಲ ಕಾಮಾಲೆಯಾಗಿ ಹಾಸಿಗೆ ಹಿಡಿದವಳು ಏಳಲಿಲ್ಲ. ಮರುವರ್ಷ ಚಂದ್ರಕಾಂತ ಎಂಬ ಮನುಷ್ಯ ಹಳ್ಳಿಹಳ್ಳಿ ತಿರುಗುತ್ತಾ ಜೈನಾಪುರಕ್ಕೆ ಬಂದ. ಆರು ಜನ ಹೆಂಗಸರನ್ನು ಟೆಂಪೋದಲ್ಲಿ ವಿಜಯಪುರಕ್ಕೆ ಕರೆದೊಯ್ದು, ಒಂದು ಕೋಣೆಯ ಕಿಟಕಿಗಳಿಗೆಲ್ಲ ಕೌದಿ ಮುಚ್ಚಿ, ಎರಡು ದಿನ ಹಾಡಿಸಿ, ಒಂದೊಂದು ಸೀರೆ ಕೊಟ್ಟು ಕಳಿಸಿದ. ಮುಂದೆ ನಿಂತು ಹಾಡಿದವಳು ನಮ್ಮ ಅತ್ತೆ. ಕ್ಯಾಸೆಟ್ಟಿನ ಮೇಲೆ ಹಾಕಲು ಹೆಸರು ಹೇಳು ಎಂದಾಗ ಆಕೆ ಹೇಳಿದ್ದು: ನೀಲಾಬಾಯಿ, ಜೈನಾಪುರ.

“ಅವರೇನರ ಹಂಗ ಹೇಳಂದ್ರೇನ್ರಿ?” ಎಂದು ಕೇಳಿದೆ. ನನಗೆ ಅನುಮಾನ ಇತ್ತು. ಕೂಲಿಯವಳ ಹೆಸರು, ನಮ್ಮ ಕೇರಿಯವಳ ಹೆಸರು ಬೇಡವೆಂದು ಯಾರೋ ಹೆದರಿಸಿ ಒಡತಿಯ ಹೆಸರು ಹೇಳಿಸಿರಬೇಕು ಎಂದು. ಅದಕ್ಕೆ ಬೇಕಾದ ಭಾಷಣವೂ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

“ಯಾರಂದಾರ? ನಾನ ಹೇಳೀನಿ. ಆಕಿ ಹೋಗಿ ವರ್ಷ ಆಗಿತ್ತು. ಹೆಸರು ಹೇಳಾಕ ಒಂದು ಕಲ್ಲೂ ಇದ್ದಿದ್ದಿಲ್ಲ. ಪದ ಆಕೀವು. ಆಕಿ ಹೆಸರನ್ನ ಹೇಳಿದೆ.”

“ನಿಮ್ಮ ಹೆಸರು?”

“ನಾ ಇನ್ನಾ ಜೀವಂತ ಇದ್ನೆಲ್ಲ! ನನಗ ಹೆಸರು ಯಾತಕ್ಕ?”

ನನ್ನ ಭಾಷಣ ಅಲ್ಲೇ ಉಳಿಯಿತು.

ಮಂಗಳವಾರ ಆ ಕಂಪನಿಗೆ ಫೋನು ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಸ್ವಲ್ಪ ಕಾಯಿರಿ. ಸ್ಟಾಫ್ ರೂಮಿನಲ್ಲಿ ಇಪ್ಪತ್ತು ನಿಮಿಷ ಪೀಪಿಯ ಸಂಗೀತ ಕೇಳಿದೆ. ಆ ಸಂಗೀತಕ್ಕೆ ಅವರು ಯಾರ ಪರವಾನಗಿ ತಂದಿದ್ದರೋ ದೇವರಿಗೇ ಗೊತ್ತು. ಕೊನೆಗೆ ಒಬ್ಬ ಹುಡುಗಿ ಎತ್ತಿದಳು. ಹಾಡಿದವರು ನಾವೇ ಎಂದರೆ, “ಮೇಡಂ, ನಮ್ಮ ದಾಖಲೆಯಲ್ಲಿ ಗಾಯಕಿ ನೀಲಾಬಾಯಿ ಎಂದಿದೆ, ನೀವು ನೀಲಾಬಾಯಿಯೇ?” ಎಂದಳು. ಅಲ್ಲ ಎಂದೆ. “ಹಾಗಾದರೆ ಹೇಗೆ ಮೇಡಂ?” ಎಂದಳು. ನಾನು ಪಾಠ ಮಾಡುವ ದನಿಯಲ್ಲಿ ಮೊದಲಿನಿಂದ ವಿವರಿಸಿದೆ. ಪೂರ್ತಿ ಕೇಳಿ, ಕ್ಯಾಸೆಟ್ಟಿನ ಒಡೆಯರಿಂದ ಪತ್ರ ತನ್ನಿ, ನಾವು ತಕರಾರು ವಾಪಸು ತೆಗೆಯುತ್ತೇವೆ ಎಂದು ಹೇಳಿ ಇಟ್ಟುಬಿಟ್ಟಳು.

ಬುಧವಾರ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋದೆ. ಚಂದ್ರಕಾಂತ ಈಗ ಕ್ಯಾಸೆಟ್ ಬಿಟ್ಟು ಡ್ರಿಪ್ ಪೈಪು ಮಾರುತ್ತಾನೆ. ಅಂಗಡಿಯ ತುಂಬ ಕರಿಯ ಪೈಪಿನ ಸುರುಳಿಗಳು, ನಡುವೆ ಆತ. ವಿಷಯ ಕೇಳಿದವನೇ ಎರಡೂ ಕೈ ಎತ್ತಿದ.

“ಅಯ್ಯ, ಹಾಡ್ರಿ! ಯಾರ್ ಬ್ಯಾಡಂದಾರ? ಮುದುಕಿ ಹಾಡಿದ್ರ ನನ್ನ ಗಂಟೇನ್ ಹೋಗ್ತೈತಿ?” ಎಂದು ಚಹಾ ತರಿಸಿದ.

ಕೆಲಸ ಆಯಿತು ಎಂದುಕೊಂಡೆ. ಚಹಾ ಕುಡಿದು, ಬ್ಯಾಗಿನಿಂದ ಬಿಳಿ ಹಾಳೆ ತೆಗೆದು, “ಇದನ್ನ ಸ್ವಲ್ಪ ಬರದು ಸೈ ಮಾಡಿಕೊಟ್ರ ಬರ್ತೀವ್ರಿ” ಎಂದೆ.

ಆತನ ಮುಖ ಕಪ್ಪಿಟ್ಟಿತು. “ಅಂದ್ರ? ನಾ ಅಂದಿದ್ದು ಸಾಲಲಿಲ್ಲೇನ್ರಿ?”

“ಹಂಗಲ್ರಿ, ಕಂಪನ್ಯಾರು ಕೇಳ್ತಾರ.”

“ನನ್ನ ಅಂಗಡಿಯಾಗ ಕುಂತು, ನನ್ನ ಚಹಾ ಕುಡದು, ನನ್ನ ಮಾತಿನ ಮ್ಯಾಲ ನಂಬಿಗಿ ಇಲ್ಲಂತೀರಿ? ಇಪ್ಪತ್ತೈದು ವರ್ಷ ವ್ಯಾಪಾರ ಮಾಡೀನ್ರಿ, ಒಬ್ಬ ರೈತ ನನ್ನ ಕಡಿ ಕಾಗದ ಕೇಳಿಲ್ಲ. ಹಂಗಾದ್ರ ನೋಡೂಣು ಬಿಡ್ರಿ, ಕಾಗದದ ಪ್ರಕಾರನ ನಡಿಲಿ!”

ಹೂಂ ಎಂದಿದ್ದವನು ಹೀಗೆ ಉಹೂಂ ಆದ. ನಮ್ಮ ಕಡೆಯ ಮಂದಿಗೆ ಮಾತು ಕೊಟ್ಟ ಮೇಲೆ ಕಾಗದ ಕೇಳಿದರೆ ಕಪಾಳಕ್ಕೆ ಹೊಡೆದಷ್ಟು ಸಿಟ್ಟು ಬರುತ್ತದೆ. ಅದು ನನಗೆ ಗೊತ್ತಿರಬೇಕಿತ್ತು. ಅತ್ತೆಯಂತೂ ನನ್ನ ಕಡೆ, ಎಂಥ ಸೊಸೆಯನ್ನು ತಂದೆನಪ್ಪಾ ಎನ್ನುವ ಹಾಗೆ ನೋಡಿದಳು.

ಆತ ಒಳಗಿನಿಂದ ಧೂಳು ಹಿಡಿದ ಒಂದು ವಹಿ ತಂದು ಪುಟ ತಿರುವಿದ. ನೀಲಾಬಾಯಿ, ಜೈನಾಪುರ ಎಂಬ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲಿ ಸೋನಾಬಾಯಿ ಎಲ್ಲಿ ಅದಾಳ್ರಿ?” ಎಂದ. ಆಕೆಯನ್ನು ನೋಡಿದ ನೆನಪು ಇಲ್ಲವೇ ಎಂದು ನಾನು ಕೇಳಿದ್ದಕ್ಕೆ, “ಆರು ಮಂದಿ ಹೆಣಮಕ್ಕಳು ತಲಿ ತುಂಬ ಸೆರಗು ಹೊತ್ತು ಕುಂತಿದ್ರು. ಯಾರು ಯಾರಂತ ನಾ ಸೆರಗು ತಗದು ನೋಡ್ಲೇನ್ರಿ?” ಎಂದ. ಅದೂ ಖರೆಯೇ.

ಕಡೆಗೆ ಎರಡು ದಾರಿ ಹೇಳಿದ. ಒಂದು, ನೀಲಾಬಾಯಿಯ ಮನೆಯವರಿಂದ ಒಪ್ಪಿಗೆ ಬರೆಸಿ ತರುವುದು. ಆಗ ಹಾಡು ನೀಲಾಬಾಯಿಯದೇ ಆಗಿ ಉಳಿಯುತ್ತದೆ, ಸೋನಾಬಾಯಿ ಅದನ್ನು ಕೇಳಿ ಕಲಿತು ಹಾಡುವವಳು ಎಂದು ಕೆಳಗೆ ಬರೆಯಬೇಕು. ಇನ್ನೊಂದು, ಕ್ಯಾಸೆಟ್ಟಿನಲ್ಲಿ ಹಾಡಿದವಳು ನಾನೇ, ನೀಲಾಬಾಯಿ ಅಲ್ಲ ಎಂದು ಅತ್ತೆ ಸ್ಟ್ಯಾಂಪ್ ಪೇಪರಿನ ಮೇಲೆ ಬರೆದುಕೊಡುವುದು. ಅದಕ್ಕೆ ನೀಲಾಬಾಯಿಯ ಮಗ, ಹೌದು, ಇದು ನಮ್ಮವ್ವನ ದನಿ ಅಲ್ಲ ಎಂದು ಸಹಿ ಹಾಕಬೇಕು. ಆಗ ವಹಿಯಲ್ಲಿಯೂ ಕಂಪನಿಯಲ್ಲಿಯೂ ಹೆಸರು ಬದಲಾಗುತ್ತದೆ.

ಮೊದಲನೆಯ ದಾರಿ ಕೇಳಿಯೇ ನನಗೆ ಮೈ ಉರಿಯಿತು. ತನ್ನ ಹಾಡಿಗೆ ತಾನೇ ನಕಲು ಎಂದು ಬರೆದುಕೊಡುವುದೇ? ಎರಡನೆಯದೇ ಸರಿ ಎಂದು ತೀರ್ಮಾನಿಸಿದೆ. ಗುರುವಾರ ಶಾಲೆ ಬಿಟ್ಟ ಮೇಲೆ ತಿಕೋಟಾದಲ್ಲಿ ಸ್ಟ್ಯಾಂಪ್ ಪೇಪರ್ ತೆಗೆದುಕೊಂಡು ಟೈಪು ಮಾಡಿಸಿದೆ. ಟೈಪು ಮಾಡುವವಳು ಶಾಹೀನ, ನನ್ನ ಹಳೆಯ ವಿದ್ಯಾರ್ಥಿನಿ. ಓದಿ ನೋಡಿ, “ಟೀಚರ್, ತಾನು ತಾನೇ ಅಂತ ಬರದುಕೊಡೋ ಕಾಗದ ಇದ ಮೊದಲನೇದು ನೋಡ್ರಿ” ಎಂದು ನಕ್ಕಳು. ನನಗೆ ನಗೆ ಬರಲಿಲ್ಲ.

ಮನೆಗೆ ತಂದು ಓದಿ ಹೇಳಿದೆ. ‘ಸದರಿ ಹಾಡುಗಳನ್ನು ದಿವಂಗತ ನೀಲಾಬಾಯಿಯವರು ಹಾಡಿರುವುದಿಲ್ಲ’ ಎಂಬಲ್ಲಿಗೆ ಬರುತ್ತಲೇ ಅತ್ತೆ ಕೈ ಅಡ್ಡ ಹಿಡಿದಳು.

“ಇದಕ್ಕ ನಾ ಸೈ ಮಾಡಂಗಿಲ್ಲ.”

“ಯಾಕ್ರಿ? ಆಕಿ ಹಾಡಿಲ್ಲಲ್ಲ?”

“ಹಾಡ್ಯಾಳಂತ ನಾನ ಹೇಳಿ ಬಂದೀನಿ. ಈಗ ಇಲ್ಲಂತ ಹೆಂಗ ಹೇಳ್ಲಿ? ಸತ್ತಾಕಿ ಬಂದು ಜಗಳಾ ಆಡ್ತಾಳೇನು?”

“ಜಗಳಾ ಆಡೂದಿಲ್ಲಂತನ ಹೇಳಬಹುದ್ರಿ!”

“ಅದಕ್ಕನ ಹೇಳಬಾರದು,” ಎಂದಳು.

ನಾನು ಹೇಳದ ಮಾತಿಲ್ಲ. ಕೂಗಾಡಿದೆ, ಬೇಡಿಕೊಂಡೆ, ಚಾನೆಲ್ ತೆಗೆದು ಜತ್ತದ ಹೆಂಗಸು ಬರೆದದ್ದನ್ನು ಮತ್ತೆ ಓದಿದೆ. ಇನ್ನು ಮೂರೇ ದಿನ, ಆಮೇಲೆ ಫೋನಿನಲ್ಲಿ ಸೋನಾಬಾಯಿ ಎಂದು ಒತ್ತಿದರೆ ಯಾರೂ ಬರುವುದಿಲ್ಲ ಎಂದೆ. ಆ ಮಾತು ತಾಗಿತು. ಆಕೆ ಹೊಲಿಯುತ್ತಿದ್ದ ಕೌದಿಯನ್ನು ಮಡಚಿಟ್ಟು, ಹಳಿಯ ಕಡೆಗೆ ನೋಡಿದಳು.

“ಹೋಗ್ತಾವೇನು ಎಲ್ಲಾ?”

“ಎಲ್ಲಾ ಹೋಗ್ತಾವ್ರಿ.”

“ನಡಿ ಹಂಗಾದ್ರ. ಆಕಿ ಮಗ ಬಸಗೊಂಡ ಅದಾನಲ್ಲ, ಆತನ್ನ ಕೇಳೂಣು. ಆತ ಹೂಂ ಅಂದ್ರ ಸೈ ಮಾಡ್ತೀನಿ.”

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಜೈನಾಪುರಕ್ಕೆ ಹೋದೆವು. ಬಬಲೇಶ್ವರದಿಂದ ಜೀಪಿನಲ್ಲಿ ನಾನು ಗಾಜಿಗೆ ಅಂಟಿಕೊಂಡು, ಅತ್ತೆ ಯಾರದೋ ಕೋಳಿಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಇಳಿದ ಮೇಲೆ ಆಕೆ ಎಲೆ, ಅಡಿಕೆ, ಒಂದು ತೆಂಗಿನಕಾಯಿ ಕೊಂಡಳು. ಇದೆಲ್ಲ ಯಾಕೆ ಎಂದರೆ, “ಪದ ಕೇಳಾಕ ಬರಿಗೈಲೆ ಹೋಗ್ತಾರೇನು?” ಎಂದಳು. ತನ್ನ ಹಾಡನ್ನು ತಾನು ಕೇಳಲಿಕ್ಕೆ ತೆಂಗಿನಕಾಯಿ! ನಾನು ಬ್ಯಾಗು ಹೆಗಲಿಗೇರಿಸಿ ನಡೆದೆ.

ಬಸಗೊಂಡಪ್ಪನಿಗೆ ಮೂವತ್ತೈದರ ಆಸುಪಾಸು. ನಾಲ್ಕು ಎಕರೆಯಲ್ಲಿ ದ್ರಾಕ್ಷಿ ಹಚ್ಚಿದ್ದಾನೆ. ಮನೆಯ ಮುಂದೆ ಟ್ರ್ಯಾಕ್ಟರ್ ತೊಳೆಯುತ್ತಿದ್ದವನು ಪೈಪು ಬಿಟ್ಟು ಓಡಿಬಂದ. “ಅಯ್ಯ, ಸೋನವ್ವಾ! ಎಷ್ಟ ವರ್ಷಾತು! ಒಳಗ ಬಾ, ಒಳಗ ಬಾ.” ಆತ ಮನಸ್ಸಿನಿಂದಲೇ ಕರೆದ. ಆದರೂ ಅತ್ತೆ ಹಳೆಯ ರೂಢಿಯಂತೆ ಹೊರಗಿನ ಕಟ್ಟೆಯ ಮೇಲೆಯೇ ಕೂತಳು. ಅದಕ್ಕೂ ನನಗೆ ಸಿಟ್ಟು ಬಂತು. ಕೊನೆಗೆ ಆತನೂ ಬಂದು ಕಟ್ಟೆಯ ಮೇಲೆಯೇ ಕೂತ. “ಇಕಿ ನನ್ನ ಸೊಸಿ, ಸಾಲಿ ಟೀಚರ್” ಎಂದು ಅತ್ತೆ ನನ್ನನ್ನು ತೋರಿಸಿದಳು.

ಎಲೆ ಅಡಿಕೆ ಕಾಯಿ ಆತನ ಮುಂದೆ ಇಟ್ಟು ಅತ್ತೆ, “ನಿಮ್ಮವ್ವನ ಪದದ ಸಲುವಾಗಿ ಬಂದೀನಪಾ” ಎಂದಳು. ನಾನು ಬ್ಯಾಗಿನಲ್ಲಿ ಕೈ ಹಾಕಿ ಸ್ಟ್ಯಾಂಪ್ ಪೇಪರನ್ನು ಹಿಡಿದುಕೊಂಡೆ.

“ಅವ್ವನ ಕ್ಯಾಸೆಟ್ಟು?” ಎಂದವನೇ ಆತ ಎದ್ದು ಒಳಗೆ ಹೋದ. ದೇವರ ಜಗಲಿಯ ಮೇಲಿಂದ ಕೆಂಪು ಬಟ್ಟೆಯ ಒಂದು ಗಂಟು ತಂದು ನಮ್ಮ ಮುಂದೆ ಬಿಚ್ಚಿದ. ಒಳಗೆ ಒಂದು ಕ್ಯಾಸೆಟ್. ಮೇಲಿನ ಚಿತ್ರ ಮಾಸಿತ್ತು. ಹೆಸರು ಮಾತ್ರ ಓದಲು ಬರುತ್ತಿತ್ತು, ಅದರ ಮೇಲೆ ಕುಂಕುಮದ ಬೊಟ್ಟು.

“ಅವ್ವ ಹೋದಾಗ ನಾ ನಾಕು ವರ್ಷದಾಂವ್ರಿ ಟೀಚರ್,” ಎಂದು ನನಗೆ ಹೇಳಿದ. “ಮಾರಿ ನೆನಪಿಲ್ಲ. ಒಂದು ಫೋಟೋ ಸೈತ ತಗಿಸಿದ್ದಿಲ್ಲ. ಮರುವರ್ಷ ಅಪ್ಪ ಬಬಲೇಶ್ವರದ ಸಂತಿಯಿಂದ ಇದನ್ನ ತಂದು ಕೈಯಾಗ ಕೊಟ್ಟು, ‘ಅಳಬ್ಯಾಡಪಾ, ನಿಮ್ಮವ್ವ ಇದರಾಗ ಅದಾಳ’ ಅಂದಾ. ಅಪ್ಪನೂ ಹೋದ. ನನಗ ಉಳದಿದ್ದು ಇದೊಂದನ್ರಿ.”

ಕ್ಯಾಸೆಟ್ ಕೆಡುತ್ತದೆಂದು ಅದನ್ನು ಫೋನಿಗೆ ಹಾಕಿಸಿಕೊಂಡಿದ್ದ. ಟ್ರ್ಯಾಕ್ಟರ್ ಹೊಡೆಯುವಾಗ ಕೇಳುತ್ತಾನಂತೆ. ಅವ್ವ ಸತ್ತ ದಿನ ಬಂಧು ಬಳಗಕ್ಕೆಲ್ಲ ಹಚ್ಚಿ ಕೇಳಿಸುತ್ತಾನಂತೆ. ಮಗಳಿಗೆ ಇದನ್ನು ಹಚ್ಚಿದರೇನೇ ನಿದ್ದೆಯಂತೆ. ನಾವು ಕೇಳದಿದ್ದರೂ ಫೋನು ಒತ್ತಿದ.

ಕಸ ತೆಗೆಯೊ ಕೈಯಾಗ ಕಾಜಿನ ಬಳಿ ಕಾದು
ಬಿಸಿಲೆಲ್ಲ ಮೈಯಾಗ ಇಳಿದಾವ | ಗೆಳತೆವ್ವ
ನೀರಿನ ಕೊಡ ತಾರ ನೆಳ್ಳೀಗಿ

ಅದು ನನ್ನ ಅತ್ತೆಯ ದನಿ. ಮೂವತ್ತೈದರ ಹರೆಯದ ದನಿ, ಗಟ್ಟಿ, ತಿಳಿ, ‘ಗೆಳತೆವ್ವ’ ಎಂಬಲ್ಲಿ ಎಷ್ಟು ಎಳೆದರೂ ಹರಿಯದ ದನಿ. ಈಗಲೂ ಆಕೆ ಆ ಜಾಗದಲ್ಲಿ ಹಾಗೆಯೇ ಎಳೆಯುತ್ತಾಳೆ. ದಿನಾ ಕೇಳುವ ನನಗೆ ತಪ್ಪುವ ಮಾತೇ ಇಲ್ಲ. ಬಸಗೊಂಡಪ್ಪ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ. ಅತ್ತೆ ತನ್ನ ಕಾಲಿನ ಬೆರಳುಗಳನ್ನು ನೋಡುತ್ತಿದ್ದಳು.

ನಾನು ಕಾಗದವನ್ನು ಬ್ಯಾಗಿನಿಂದ ಅರ್ಧ ಹೊರಗೆ ಎಳೆದೆ. ಈಗ ಹೇಳಬೇಕು ಎಂದುಕೊಂಡೆ. ನಾಳೆ ಕಡೆಯ ದಿನ. ಇವನು ಸಮಾಧಾನದ ಮನುಷ್ಯ, ತಿಳಿಸಿ ಹೇಳಿದರೆ ತಿಳಿದುಕೊಳ್ಳುತ್ತಾನೆ. ಸುಳ್ಳನ್ನು ನಂಬಿಕೊಂಡು ಎಷ್ಟು ದಿನ ಬದುಕಬೇಕು? “ನೋಡ್ರಿ, ಒಂದು ವಿಷಯ...” ಎಂದು ಬಾಯಿ ತೆರೆದೆ.

ಅತ್ತೆ ನನ್ನ ಮೊಣಕೈ ಹಿಡಿದಳು. ಹಿಡಿದಳು ಎಂದರೆ, ಉಗುರು ಊರಿ ಹಿಡಿದಳು.

“ಬಸಗೊಂಡಾ, ನೀ ಒಂದು ಚೀಟಿ ಬರಕೊಡಪಾ. ನಿಮ್ಮವ್ವ ಹಾಡಿದ ಪದ ಹಾಡಾಕ ನನಗ ನಿಮ್ಮ ಮನ್ಯಾನ ಒಪ್ಪಿಗಿ ಐತಿ ಅಂತ. ಅಷ್ಟ ಸಾಕು.”

“ಅತ್ತಿ!” ಎಂದೆ.

“ನೀ ಸುಮ್ನ ಕುಂಡ್ರು.”

“ಅದಕ್ಯಾಕ ಚೀಟಿ ಸೋನವ್ವಾ, ನೀ ಹಾಡು,” ಎಂದ ಬಸಗೊಂಡಪ್ಪ. ಚಂದ್ರಕಾಂತನ ಕಥೆ ಮತ್ತೆ ಶುರುವಾಯಿತು ಎಂದು ನಾನು ಹಣೆ ಒತ್ತಿಕೊಂಡೆ. ಆದರೆ ಆತ ತುಸು ಯೋಚಿಸಿ, ಕಾಯಿಯನ್ನು ಕೈಗೆ ತೆಗೆದುಕೊಂಡು, “ಹಂಗಾದ್ರ ಒಮ್ಮೆ ಇಲ್ಲೇ ಹಾಡಿ ತೋರ್ಸು. ಅವ್ವನ ಹೆಸರಿನ್ಯಾಗ ಹೋಗೂದು, ಕೆಡಬಾರದು ನೋಡು. ಕೇಳಿ ಬರಕೊಡ್ತೀನಿ” ಎಂದ.

ಅತ್ತೆ ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಂಡಳು. ಶುರು ಮಾಡುವ ಮುಂಚೆ ರೂಢಿಯಂತೆ, “ಇದು ನೀಲವ್ವಂದು” ಎಂದಳು. ಹಾಡಿದಳು. ಅಂಗಳದಲ್ಲಿ ನೀರಿನ ಪೈಪು ಹರಿಯುತ್ತಲೇ ಇತ್ತು. ಆತನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಜೀಪಿನ ಧೂಳು ಕುಡಿದಿದ್ದಕ್ಕೋ ಏನೋ, ‘ಗೆಳತೆವ್ವ’ ಎಂಬಲ್ಲಿ ಅತ್ತೆಗೆ ಉಸಿರು ಸಾಲಲಿಲ್ಲ. ದನಿ ಒಂದಿಷ್ಟು ಒಡೆಯಿತು. ಆಕೆ ನಿಲ್ಲಿಸಲಿಲ್ಲ, ಮುಗಿಸಿದಳು.

ಬಸಗೊಂಡಪ್ಪ ದೊಡ್ಡ ಮನಸ್ಸಿನಿಂದ, ಆಕೆಗೆ ನೋವಾಗಬಾರದೆಂದು ನಗುತ್ತಲೇ ಹೇಳಿದ.

“ಚಲೋ ಐತಿ ಸೋನವ್ವಾ. ಭಾಳ ಚಲೋ ಕಲತಿ. ಆದ್ರ ನಮ್ಮವ್ವನ ದನಿ ಬ್ಯಾರೆ ಬಿಡು.”

“ಹೌದಪಾ,” ಎಂದಳು ಅತ್ತೆ. “ಆಕಿದು ಬ್ಯಾರೆ.”

ನನಗೆ ಎದ್ದು ಆ ಟ್ರ್ಯಾಕ್ಟರಿಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸಿತು. ಯಾರ ಮೇಲೆ ಸಿಟ್ಟು ಮಾಡುವುದು? ಆತನ ಮೇಲೆ ಮಾಡೋಣವೆಂದರೆ ತಾಯಿಯ ಮುಖ ಕಾಣದ ಮನುಷ್ಯ. ಸುಳ್ಳು ಹೇಳಿದ ಅಪ್ಪನ ಮೇಲೆ ಮಾಡೋಣವೆಂದರೆ, ಅಳುವ ಕೂಸಿಗೆ ಆತ ಬೇರೆ ಏನು ಹೇಳಬೇಕಿತ್ತು? ಮಗಳ ನೋಟುಬುಕ್ಕಿನ ಹಾಳೆ ಹರಿದು ಬಸಗೊಂಡಪ್ಪ ಬರೆದ: ನನ್ನ ತಾಯಿ ದಿವಂಗತ ನೀಲಾಬಾಯಿಯವರು ಹಾಡಿದ ಪದಗಳನ್ನು ಕೇಳಿ ಕಲಿತು ಹಾಡುವ ಸೋನಾಬಾಯಿಯವರಿಗೆ ನಮ್ಮ ಪೂರ್ಣ ಒಪ್ಪಿಗೆ ಇದೆ. ಸಹಿ ಹಾಕಿದ. ಸಹಿಯ ಕೆಳಗೆ ಫೋನ್ ನಂಬರ್ ಕೂಡ ಬರೆದ. ಹೊರಡುವಾಗ ಹೆಂಡತಿಯಿಂದ ಅತ್ತೆಗೆ ಒಂದು ಕುಪ್ಪಸದ ಕಣ ಕೊಡಿಸಿದ.

ಬಬಲೇಶ್ವರದಲ್ಲಿ ಚಂದ್ರಕಾಂತ ಚೀಟಿ ನೋಡಿ ಖುಷಿಪಟ್ಟ. ಕಾಗದಕ್ಕೆ ಕಾಗದ ಎಂದು ತಾನೂ ಬರೆದು, ಪೈಪಿನ ಅಂಗಡಿಯ ಸೀಲು ಒತ್ತಿ, ನಮ್ಮ ಮುಂದೆಯೇ ಕಂಪನಿಗೆ ಫೋನು ಹಚ್ಚಿದ. ನನ್ನನ್ನು ಇಪ್ಪತ್ತು ನಿಮಿಷ ಕಾಯಿಸಿದ್ದವರು ಆತನ ಫೋನನ್ನು ಎರಡನೇ ರಿಂಗಿಗೇ ಎತ್ತಿದರು. ಪತ್ರದ ಫೋಟೋ ಕಳಿಸಿ, ಇವತ್ತೇ ತಕರಾರು ತೆಗೆಯುತ್ತೇವೆ, ಆದರೆ ಮೂರೂ ಹಾಡಿನ ಕೆಳಗೆ ಒಂದು ಸಾಲು ಹಾಕಬೇಕು ಎಂದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಾನೇ ಅದನ್ನು ಒತ್ತಿದೆ: ‘ಮೂಲ ಗಾಯಕಿ ನೀಲಾಬಾಯಿ, ಜೈನಾಪುರ. ಇಲ್ಲಿ ಹಾಡಿರುವುದು ಅನುಕರಣೆ.’ ಕನ್ನಡ ಟೀಚರಾಗಿ ನಾನು ಬರೆದ ಅತಿ ದೊಡ್ಡ ಸುಳ್ಳು ಅದು, ಒಂದು ಅಕ್ಷರ ತಪ್ಪಿಲ್ಲದೆ ಬರೆದೆ. ಚಾನೆಲ್ ಉಳಿಯಿತು.

ವಿಜಯಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅತ್ತೆಯನ್ನು ಕೂಡಿಸಿದೆ. ನಾನು ಮುಖ ಆ ಕಡೆ ತಿರುಗಿಸಿ ಕೂತೆ.

“ಸಿಟ್ಟಾಗೀಯೇನ್ ಬೇ?”

“ಆಗೀನ್ರಿ.”

“ಆಗು. ನಿನಗ ಅಷ್ಟೂ ಹಕ್ಕಿಲ್ಲೇನು?” ಎಂದು ನನ್ನ ಮೊಣಕೈ ಸವರಿದಳು. ಉಗುರಿನ ಗುರುತು ಇನ್ನೂ ಇತ್ತು. ಆಮೇಲೆ ಕುಪ್ಪಸದ ಕಣವನ್ನು ಬಿಚ್ಚಿ, ಮತ್ತೆ ಮಡಚಿ, ಮತ್ತೆ ಬಿಚ್ಚುತ್ತಾ ಕೂತಳು.

“ವಿಶಾಖಾ, ಒಂದು ಮಾತು ಕೇಳ್ತೀನಿ. ಖರೆ ಹೇಳ್ತಿ?”

“ಹೇಳ್ತೀನಿ, ಕೇಳ್ರಿ.”

“ನನ್ನ ದನಿ ಅಷ್ಟು ಕೆಟ್ಟೈತೇನ?”

ನಾನು ತಿರುಗಿ ನೋಡಿದೆ. ಆಕೆಯ ಕಣ್ಣು ತುಂಬಿತ್ತು. ಹೆಸರಿಗಾಗಿ ಅಲ್ಲ, ಚಾನೆಲ್‌ಗಾಗಿ ಅಲ್ಲ. ಆ ಕಟ್ಟೆಯಿಂದ ಇಲ್ಲಿಯತನಕ ಆಕೆ ಇದೊಂದನ್ನೇ ಹೊತ್ತುಕೊಂಡು ಬಂದಿದ್ದಳು.

“ಆತಗ ಕಿವಿ ಇಲ್ರಿ ಅತ್ತಿ,” ಎಂದೆ.

“ಹಂಗನಬ್ಯಾಡ, ತಾಯಿಲ್ಲದ ಕೂಸು ಅದು. ಆದ್ರ ಫೋನಿನಾಗಿನ ದನಿ ಕೇಳಿದಿಲ್ಲ ನೀ? ನಾನೂ ಕೇಳಿದೆ. ಈಗ ಅಷ್ಟು ಇಲ್ಲ, ಅಲ್ಲಾ?”

ಆಕೆ ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾದಳು. ನಾನು ಮುಂದಿನ ಸೀಟಿನ ಕಂಬಿ ಹಿಡಿದೆ. ಖರೆ ಹೇಳುತ್ತೇನೆ ಎಂದು ಆಗಲೇ ಮಾತು ಕೊಟ್ಟುಬಿಟ್ಟಿದ್ದೆ.